ತೂಕ ಎಷ್ಟು, ಅದನ್ನು ಮೊದಲು ಹೇಳಿ

ಸಾಕುಪ್ರಾಣಿ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಪುಟ್ಟ ಕ್ರಾಸ್ ನಾಯಿಗಳದ್ದು. ನಮ್ಮ ಕಾಸರಗೋಡು ಕಡೆ ಮೊದಲೆಲ್ಲ ನಾಯಿ ಅಂದರೆ ಅಂಗಳದ್ದು. ಹಟ್ಟಿಯ ಬದಿಯಲ್ಲಿ ಮಲಗುತ್ತಿತ್ತು, ರಾತ್ರಿ ಬೊಗಳುತ್ತಿತ್ತು, ಅಷ್ಟೆ. ಈಗ ಸೋಫಾ ಹತ್ತಿದೆ. ನನ್ನ ತಕರಾರೇನಿಲ್ಲ. ಆದರೆ ಪತ್ರ ಬರೆದವರೆಲ್ಲ ನಾಯಿಯ ಜಾತಿಯನ್ನು ತಪ್ಪದೆ ಬರೆದಿದ್ದಾರೆ. ಅಪ್ಪನ ಜಾತಿ, ಅಮ್ಮನ ಜಾತಿ, ಕೊಟ್ಟ ದುಡ್ಡು ಎಲ್ಲ ಇದೆ. ತೂಕ ಬರೆದವರು ಒಬ್ಬರೇ!

ಮದ್ದು, ಊಟ, ವಿಷ ಇವೆಲ್ಲ ನಿಲ್ಲುವುದು ತೂಕದ ಮೇಲೆ. ಊರು ನಾಯಿ ಸಹಿಸಿಕೊಂಡದ್ದನ್ನು ಇವು ಸಹಿಸಲಾರವು. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ. ಆಮೇಲೆ ನೀವೊಬ್ಬರೇ ನಿಂತು, ಅದನ್ನು ಕಳೆಯಿರಿ. ಮನೆಯಲ್ಲಿ ಅಡಿಕೆ ತೂಗುವ ತಕ್ಕಡಿ ಇದ್ದರೆ ಬುಟ್ಟಿಯಲ್ಲಿ ಕೂರಿಸಿ ತೂಗಿ, ಇನ್ನೂ ಒಳ್ಳೆಯದು.

*

ಪ್ರಶ್ನೆ: ಡಾಕ್ಟ್ರೇ, ಮಂಗಳೂರಿನಿಂದ ಪಾಮೇರಿಯನ್ ಅಂತ ಒಂದು ಹೆಣ್ಣು ಮರಿ ತಂದೆವು. ಈಗ ಎಂಟು ತಿಂಗಳು. ಕಿವಿ ಅರ್ಧ ಮಡಚಿದೆ, ಕಾಲು ಗಿಡ್ಡ, ಮೈ ಉದ್ದ, ಬಾಲ ಮಾತ್ರ ಬೆನ್ನ ಮೇಲೆ ಸುರುಳಿ. ಇದು ಪಾಮೇರಿಯನ್ ಅಲ್ಲವೇ ಅಲ್ಲ ಅಂತ ಬಿಳಿ ಪಾಮೇರಿಯನ್ ಸಾಕಿದ ಪಕ್ಕದ ಮನೆಯವರು ನಗುತ್ತಾರೆ. ನಮಗೆ ಮೋಸ ಆಯಿತಾ? ಇದರ ಸ್ವಭಾವ ಹೇಗಿರುತ್ತದೆ?
– ಗೃಹಿಣಿ, ಬದಿಯಡ್ಕ

ಉತ್ತರ: ದುಡ್ಡಿನ ಲೆಕ್ಕದಲ್ಲಿ ಆಗಿರಬಹುದು. ನಾಯಿಯ ಲೆಕ್ಕದಲ್ಲಿ ಇಲ್ಲ. ಪಕ್ಕದ ಮನೆಯವರ ಬಿಳಿ ನಾಯಿಯೂ ಪಾಮೇರಿಯನ್ ಆಗಿರಲಾರದು, ಹೋಗಿ ಹೇಳಿ. ನಿಜವಾದ ಪಾಮೇರಿಯನ್ ಮೂರು ಕಿಲೋದ ಆಸುಪಾಸಿನ ಪ್ರಾಣಿ. ನಾವು ಆ ಹೆಸರಿನಲ್ಲಿ ಕರೆಯುವ ಬಿಳಿ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಸ್. ಹಿಂದೆ ಹೊರದೇಶದ ನಾಯಿ ತರಿಸುವುದು ಕಷ್ಟವಿದ್ದ ಕಾಲದಲ್ಲಿ ಮನೆಮನೆಗೆ ಬಂದದ್ದು ಇದೇ. ನಮ್ಮ ಸೆಕೆಗೂ ಪಾಮೇರಿಯನ್‌ಗಿಂತ ಚೆನ್ನಾಗಿ ಹೊಂದಿಕೊಂಡಿದೆ.

ನೀವು ಬರೆದ ಲಕ್ಷಣ ನೋಡಿದರೆ ಬಾಲ ಸ್ಪಿಟ್ಸ್ ಕಡೆಯದ್ದು. ಗಿಡ್ಡ ಕಾಲು, ಉದ್ದ ಮೈ ಡ್ಯಾಶ್‌ಹುಂಡ್ ಕಡೆಯಿಂದ ಬಂದಿರಬಹುದು. ಕಾಲು ಗಿಡ್ಡ ಮಾಡುವ ಆ ಗುಣ ಅಪ್ಪ ಅಮ್ಮನಲ್ಲಿ ಒಬ್ಬರಿಂದ ಬಂದರೂ ಸಾಕು, ಮರಿಯಲ್ಲಿ ಕಾಣಿಸುತ್ತದೆ. ಅದರ ಜೊತೆಗೇ ಒಂದು ಅಪಾಯವೂ ಬರುತ್ತದೆ. ಇಂಥ ನಾಯಿಗಳ ಬೆನ್ನೆಲುಬಿನ ನಡುವಿನ ಮೆತ್ತೆ ಬೇಗ ಗಟ್ಟಿಯಾಗಿ, ಒಂದು ದಿನ ಹೊರಗೆ ಜಾರಿ ನರವನ್ನು ಒತ್ತುತ್ತದೆ. ಹಾಗಾಗಿ ಜಗಲಿಯಿಂದ ಅಂಗಳಕ್ಕೆ ಹಾರಲು ಬಿಡಬೇಡಿ. ಸೋಫಾದ ಮುಂದೆ ಒಂದು ತಗ್ಗು ಮಣೆ ಇಡಿ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಇರಲಿ. ಕಂಕುಳಲ್ಲಿ ಹಿಡಿದು ನೇತಾಡಿಸುವುದು ಬೇಡ. ಹಿಂಗಾಲು ಎಳೆಯುವುದು ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ನಾಳೆ ನೋಡುವ ಅಂದರೆ ಕಾಲೇ ಹೋದೀತು.

ಸ್ವಭಾವ ಹೇಗಿರುತ್ತದೆ ಅಂತಲೂ ಕೇಳಿದ್ದೀರಿ. ಅದನ್ನು ಜಾತಿ ನೋಡಿ ಹೇಳಲು ನಾನು ಹೋಗುವುದಿಲ್ಲ. ಅಮೆರಿಕದಲ್ಲಿ 18 ಸಾವಿರಕ್ಕಿಂತ ಜಾಸ್ತಿ ನಾಯಿಗಳ ಮಾಹಿತಿ ತೆಗೆದುಕೊಂಡು ನಡೆಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ನಾಯಿ ನಾಯಿಗಳ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ಜಾತಿಯಿಂದ ಬರುವುದು ಸುಮಾರು 9 ಶೇಕಡಾ ಅಷ್ಟೇ ಅಂತ ಅದು ಕಂಡುಕೊಂಡಿತು. ಉಳಿದದ್ದು ಆ ನಾಯಿಯದ್ದೇ, ನೀವು ಸಾಕಿದ ರೀತಿಯದ್ದು. ಸಿಡಿಲಿಗೆ ಹೆದರುತ್ತದಾ, ಹೊಸಬರು ಬಂದರೆ ಏನು ಮಾಡುತ್ತದೆ, ಒಬ್ಬಂಟಿಯಾದರೆ ಕೂಗುತ್ತದಾ ಅಂತ ನೀವೇ ನೋಡಿಕೊಳ್ಳಿ.

ಇನ್ನೊಂದು ಮರಿ ತರುವವರಿಗೆ ಹೇಳಿಬಿಡುತ್ತೇನೆ. 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟದ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವವರ ಹತ್ತಿರ ನೋಂದಣಿಯೂ ಇರಬೇಕು. ಮರಿಯ ತಾಯಿಯನ್ನು ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ವಾಪಸು ಬನ್ನಿ. ಗಿಡ್ಡ ಕಾಲಿಗೆ ಬೇಜಾರು ಮಾಡಬೇಡಿ. ಕಾಸರಗೋಡು ಗಿಡ್ಡ ದನದ ಫಾರ್ಮ್ ಇರುವ ಬೇಳದ ನೆರೆಯವರು ನೀವು, ಗಿಡ್ಡ ಅಂದರೆ ಕಡಿಮೆ ಅಲ್ಲ ಅಂತ ನಿಮಗೆ ನಾನು ಹೇಳಬೇಕಾ?

*

ಪ್ರಶ್ನೆ: ಬೆಂಗಳೂರಿನಲ್ಲಿರುವ ಮಗಳು ಮಾಲ್ಟಿಪೂ ಎಂಬ ನಾಯಿ ತರುತ್ತೇನೆ ಅನ್ನುತ್ತಿದ್ದಾಳೆ. ರೋಮ ಉದುರುವುದಿಲ್ಲವಂತೆ, ಅಲರ್ಜಿ ಆಗುವುದೇ ಇಲ್ಲವಂತೆ. ನನಗೆ ಉಬ್ಬಸ ಇದೆ. ರಜೆಯಲ್ಲಿ ಅವಳು ನಾಯಿ ಸಮೇತ ಊರಿಗೆ ಬಂದರೆ ಏನು ಗತಿ?
– ನಿವೃತ್ತ ಅಧ್ಯಾಪಕರು, ನೀರ್ಚಾಲು

ಉತ್ತರ: ಮಾಸ್ಟ್ರೇ, ಅಲರ್ಜಿಯೇ ಆಗದ ನಾಯಿ ಅಂತ ಇಲ್ಲ. ತೊಂದರೆ ಕೊಡುವುದು ರೋಮ ಅಲ್ಲ. ನಾಯಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ ಇರುವ ಪ್ರೋಟೀನು. ಮಾಲ್ಟೀಸ್ ಮತ್ತು ಪೂಡಲ್ ಸೇರಿದ ಮಾಲ್ಟಿಪೂ ನಾಯಿಗೂ ಜೊಲ್ಲು ಇದೆಯಲ್ಲ.

ಇಂಥ ಪೂಡಲ್ ಬೆರಕೆಗೆ ಹೆಸರು ಬರಲು ಕಾರಣವಾದದ್ದು ದೊಡ್ಡ ನಾಯಿ, ಲ್ಯಾಬ್ರಡೂಡಲ್. 1980ರ ದಶಕದ ಕೊನೆಗೆ ಆಸ್ಟ್ರೇಲಿಯಾದ ಮಾರ್ಗದರ್ಶಿ ನಾಯಿಗಳ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್ ಅದನ್ನು ಮಾಡಿಸಿದರು. ಹವಾಯಿಯ ಒಬ್ಬ ಮಹಿಳೆಗೆ ಕಣ್ಣು ಕಾಣುತ್ತಿರಲಿಲ್ಲ, ದಾರಿ ತೋರಿಸುವ ನಾಯಿ ಬೇಕಿತ್ತು. ಗಂಡನಿಗೋ ನಾಯಿ ಅಂದರೆ ಅಲರ್ಜಿ. ಲ್ಯಾಬ್ರಡಾರ್‌ಗೆ ಪೂಡಲ್ ಕೂಡಿಸಿ, ಹುಟ್ಟಿದ ಮೂರು ಮರಿಗಳ ರೋಮ ಮತ್ತು ಜೊಲ್ಲನ್ನು ಪರೀಕ್ಷೆಗೆ ಕಳಿಸಿದರು. ಆ ಗಂಡನಿಗೆ ಆಗಿಬಂದದ್ದು ಒಂದೇ ಒಂದು! ಒಡಹುಟ್ಟಿದ ಮರಿಗಳಲ್ಲೇ ಹೀಗಾದರೆ ಜಾತಿಯ ಹೆಸರು ನೋಡಿ ಗ್ಯಾರಂಟಿ ಕೊಡುವುದು ಹೇಗೆ? ಕಾನ್ರನ್ ಅವರೇ ಆಮೇಲೆ ಆ ಬೆರಕೆ ಮಾಡಿಸುವ ಕೆಲಸವೇ ತನಗೆ ಬೇಡವಾಗಿತ್ತು ಅಂತ ಹೇಳಿಕೊಂಡರು. ಹೆಸರಿನ ಹಿಂದೆ ಬಿದ್ದು ಯಾರು ಯಾರೋ ಮರಿ ಮಾಡಿಸಿ ಮಾರಲು ಶುರು ಮಾಡಿದ್ದರು.

ಮಗಳಿಗೆ ಹೇಳಿ, ದುಡ್ಡು ಕೊಡುವ ಮೊದಲು ಆ ಮರಿಯ ಜೊತೆ ನೀವು ಬೇರೆ ಬೇರೆ ದಿನ ಸ್ವಲ್ಪ ಹೊತ್ತು ಕೂತು ನೋಡಬೇಕು. ಇನ್ನು ರೋಮ ಉದುರುವುದಿಲ್ಲ ಅಂದರೆ ಕೆಲಸ ಇಲ್ಲ ಅಂತ ಅಲ್ಲ. ಅದು ಬೆಳೆಯುತ್ತಲೇ ಇರುತ್ತದೆ. ದಿನಾ ಬಾಚಬೇಕು, ಆರೆಂಟು ವಾರಕ್ಕೊಮ್ಮೆ ಕತ್ತರಿಸಬೇಕು. ಬಿಟ್ಟರೆ ಕಿವಿಯ ಹಿಂದೆ, ಕಂಕುಳಲ್ಲಿ ಜಡೆಗಟ್ಟಿ ಚರ್ಮ ಕೊಳೆಯುತ್ತದೆ.

*

ಪ್ರಶ್ನೆ: ನಮ್ಮದು ಸಸ್ಯಾಹಾರದ ಮನೆ. ನಮ್ಮ ನಾಯಿ ಬೊಳ್ಳುಗೆ ಬೆಳಿಗ್ಗೆ ಎರಡು ದೋಸೆ, ಒಂದು ಲೋಟ ಹಾಲು. ಮಧ್ಯಾಹ್ನ ಮಜ್ಜಿಗೆ ಅನ್ನ. ನಡುವೆ ಅತ್ತೆ ಮಾರಿ ಬಿಸ್ಕತ್ತು ಕೊಡುತ್ತಾರೆ, ಐದಾರು ಆಗಬಹುದು. ಸ್ಪಿಟ್ಸ್ ಕ್ರಾಸ್, ನಾಲ್ಕು ವರ್ಷ, ತೂಕ 9 ಕಿಲೋ. ಮಾಂಸ ಇಲ್ಲದೆ ತೊಂದರೆ ಆದೀತಾ?
– ಪೆರ್ಲದಿಂದ ಒಬ್ಬರು

ಉತ್ತರ: ತೂಕ ಬರೆದ ಒಬ್ಬರೇ ಒಬ್ಬರು ನೀವು, ಧನ್ಯವಾದ. ಆ 9 ಕಿಲೋ ನೋಡಿಯೇ ಹೇಳುತ್ತೇನೆ, ನಿಮ್ಮ ನಾಯಿಗೆ ಮಾಂಸದ ಕೊರತೆಗಿಂತ ದೋಸೆಯ ತೊಂದರೆ ಜಾಸ್ತಿ.

ಈ ಗಾತ್ರದ ನಾಯಿ 6 ಕಿಲೋ ಇದ್ದರೆ ಸರಿ ಅಂತ ಇಟ್ಟುಕೊಳ್ಳೋಣ. ಅದಕ್ಕೆ ದಿನಕ್ಕೆ 400 ಕ್ಯಾಲರಿಯ ಆಸುಪಾಸು ಸಾಕು. ನೀವು ಬರೆದದ್ದನ್ನು ಕೂಡಿಸಿದೆ. ದೋಸೆ, ಹಾಲು, ಅನ್ನ, ಬಿಸ್ಕತ್ತು ಎಲ್ಲ ಸೇರಿ 700 ದಾಟುತ್ತದೆ. ಐದಾರು ಮಾರಿ ಬಿಸ್ಕತ್ತೇ 150ರ ಹತ್ತಿರ. ಅತ್ತೆಯವರಿಗೆ ಅದು ಒಂದು ಬಿಸ್ಕತ್ತು, ನಾಯಿಗೆ ಊಟದ ಪಾಲು. ಅವರ ಕೈಯಿಂದ ಕೊಡುವ ಖುಷಿಯನ್ನು ತಪ್ಪಿಸಬೇಡಿ. ಬಿಸ್ಕತ್ತಿನ ಡಬ್ಬಿಯಲ್ಲಿ ಮುಳ್ಳುಸೌತೆಯ ತುಂಡೋ ಬೇಯಿಸಿದ ಕ್ಯಾರೆಟ್ಟೋ ಹಾಕಿಡಿ. ನಾಯಿ ಎರಡು ದಿನ ಮುಖ ತಿರುಗಿಸುತ್ತದೆ, ಮೂರನೆಯ ದಿನ ತಿನ್ನುತ್ತದೆ.

ನಾಯಿ ಬೆಕ್ಕಿನ ಹಾಗಲ್ಲ, ಮಾಂಸ ಇಲ್ಲದೆಯೂ ಬದುಕಬಲ್ಲದು. ಅನ್ನ ಅರಗಿಸುವ ಶಕ್ತಿಯೂ ಅದಕ್ಕೆ ತೋಳಕ್ಕಿಂತ ಜಾಸ್ತಿ. ಆದರೆ ಮಜ್ಜಿಗೆ ಅನ್ನದಲ್ಲಿ ಪ್ರೋಟೀನು ತೀರಾ ಕಡಿಮೆ. ಮನೆಯಲ್ಲಿ ಮೊಟ್ಟೆ ನಡೆಯುವುದಾದರೆ ದಿನಕ್ಕೊಂದು ಬೇಯಿಸಿ ಕೊಡಿ. ನಡೆಯದಿದ್ದರೆ ಪನೀರು, ಗಟ್ಟಿ ಮೊಸರು, ಚೆನ್ನಾಗಿ ಬೆಂದ ಬೇಳೆ. ಇದರಲ್ಲೂ ಕೆಲವು ಲವಣ, ವಿಟಮಿನ್ನು ಸಾಲದೆ ಬರುತ್ತವೆ. ಹಾಗಾಗಿ ಅರ್ಧ ಪಾಲು ಅಂಗಡಿಯಲ್ಲಿ ಸಿಗುವ ಸಸ್ಯಾಹಾರಿ ನಾಯಿ ಆಹಾರ ಇರಲಿ. ಪೊಟ್ಟಣದ ಮೇಲೆ ಸಂಪೂರ್ಣ ಆಹಾರ ಅಂತ ಬರೆದಿದೆಯಾ ನೋಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಅವೆರಡೂ ಒಳಗೆ ಬಾರದ ಅಡುಗೆಮನೆ ನಿಮ್ಮದಾದರೆ ಬೊಳ್ಳುವಿನ ಪುಣ್ಯ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಒಂದು ಚೂರೂ ಬೇಡ. ಪಾಯಸದ ತಳದಲ್ಲಿ ಉಳಿದ ದ್ರಾಕ್ಷಿಯೂ ಲೆಕ್ಕಕ್ಕೆ ಬರುತ್ತದೆ.

ಇಳಿಸುವುದು ನಿಧಾನಕ್ಕೆ. ವಾರಕ್ಕೆ 100ರಿಂದ 150 ಗ್ರಾಂ ಇಳಿದರೆ ಸಾಕು. ಪಕ್ಕೆಯ ಮೇಲೆ ಕೈ ಆಡಿಸಿದಾಗ ಒತ್ತದೆಯೇ ಎಲುಬು ಬೆರಳಿಗೆ ಸಿಗಬೇಕು.

*

ಪ್ರಶ್ನೆ: ನಾಯಿಯನ್ನು ಕಟ್ಟಿದಾಗ, ಖುಷಿಯಾದಾಗ ಒಂದು ಥರ ಕೆಮ್ಮುತ್ತದೆ. ಗಂಟಲಲ್ಲಿ ಬಂಗುಡೆ ಮುಳ್ಳು ಸಿಕ್ಕಿದೆಯಾ ಅಂತ ಹೆದರಿಕೆ. ಬಿಳಿ ನಾಯಿ, ಏಳು ವರ್ಷ.
– ಕುಂಬಳೆ

ಉತ್ತರ: ಮುಳ್ಳು ಸಿಕ್ಕಿದ್ದರೆ ನಾಯಿ ಊಟ ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ಮುಖವನ್ನು ಕಾಲಿನಿಂದ ಉಜ್ಜುತ್ತದೆ. ನೀವು ಬರೆದದ್ದು ಹಾಗಿಲ್ಲ. ಕೆಮ್ಮು ಬಾತುಕೋಳಿ ಕೂಗಿದ ಹಾಗೆ ಕೇಳಿಸುತ್ತದಾ? ಹಾಗಾದರೆ ಶ್ವಾಸನಾಳ ಕುಸಿಯುತ್ತಿರಬಹುದು. ಪುಟ್ಟ ನಾಯಿಗಳಲ್ಲಿ ಆ ನಾಳದ ಉಂಗುರಗಳು ವಯಸ್ಸಾದಂತೆ ಮೆತ್ತಗಾಗಿ ಚಪ್ಪಟೆಯಾಗುತ್ತವೆ. ಕುತ್ತಿಗೆಯ ಬೆಲ್ಟನ್ನು ಇವತ್ತೇ ತೆಗೆಯಿರಿ, ಎದೆಗೆ ಹಾಕುವ ಪಟ್ಟಿ ತನ್ನಿ. ಬಚ್ಚಲೊಲೆಯ ಹೊಗೆ, ಊದುಬತ್ತಿ, ಸೊಳ್ಳೆಬತ್ತಿ ಇವುಗಳಿಂದ ದೂರ ಇಡಿ. ತೂಕ ಜಾಸ್ತಿ ಇದ್ದರೆ ಇಳಿಸಿ.

ಆದರೆ ಏಳು ವರ್ಷದ ಪುಟ್ಟ ನಾಯಿಗೆ ಕೆಮ್ಮು ಹೃದಯದ ಕವಾಟದಿಂದಲೂ ಬರುತ್ತದೆ. ನಾಯಿ ಗಾಢ ನಿದ್ದೆಯಲ್ಲಿರುವಾಗ ಒಂದು ನಿಮಿಷಕ್ಕೆ ಎಷ್ಟು ಸಲ ಎದೆ ಏರಿಳಿಯುತ್ತದೆ ಎಣಿಸಿ. 30ಕ್ಕಿಂತ ಒಳಗಿರಬೇಕು. ಪ್ರತಿ ಸಲವೂ ಮೇಲೆ ಬಂದರೆ ತಡಮಾಡದೆ ಹೋಗಿ ಎಕ್ಸ್‌ರೇ ಮಾಡಿಸಿ. ಮೀನು ಕೊಡುವುದಾದರೆ ಮುಳ್ಳು ಬಿಡಿಸಿ ಕೊಡಿ. ಬೇಯಿಸಿದ ಕೋಳಿ ಎಲುಬು ಬೇಡ, ಅದು ಚೂಪಾಗಿ ಸೀಳುತ್ತದೆ.

*

ಪ್ರಶ್ನೆ: ನಮ್ಮದು ಅಡಿಕೆ ತೋಟ. ನಾಯಿ ನಮ್ಮ ಹಿಂದೆಯೇ ತೋಟಕ್ಕೆ ಬರುತ್ತದೆ, ಬಿದ್ದ ಅಡಿಕೆ ಜಗಿಯುತ್ತದೆ. ಅಜ್ಜ ಹಿಂದೆ ನಾಯಿಗಳಿಗೆ ಹುಳಕ್ಕೆ ಅಂತ ಅಡಿಕೆ ಹುಡಿ ಕೊಡುತ್ತಿದ್ದರು. ಈಗಲೂ ಕೊಡಬಹುದಾ? ಮದ್ದು ಬಿಡುವ ದಿನ ಏನು ಜಾಗ್ರತೆ ಬೇಕು?
– ಕೃಷಿಕರು, ಮುಳ್ಳೇರಿಯ

ಉತ್ತರ: ನಿಮ್ಮ ಅಜ್ಜ ಹೇಳಿದ್ದರಲ್ಲಿ ಹುರುಳಿದೆ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಸತ್ವವನ್ನೇ ಬೇರ್ಪಡಿಸಿ ಹಿಂದೆ ಪಶುವೈದ್ಯರು ನಾಯಿಯ ಲಾಡಿಹುಳಕ್ಕೆ ಕೊಡುತ್ತಿದ್ದರು. ಅದು ಕರುಳನ್ನು ಜೋರಾಗಿ ಹಿಂಡಿ ಹುಳವನ್ನು ಹೊರಗೆ ತಳ್ಳುತ್ತದೆ. ತೊಂದರೆ ಏನೆಂದರೆ, ಹುಳ ಬೀಳುವ ಪ್ರಮಾಣಕ್ಕೂ ನಾಯಿ ಬೀಳುವ ಪ್ರಮಾಣಕ್ಕೂ ನಡುವೆ ಅಂತರ ಕಡಿಮೆ. ಹೆಚ್ಚಾದರೆ ಜೊಲ್ಲು, ವಾಂತಿ, ಭೇದಿ, ಏದುಸಿರು ಬಂದು ಹೃದಯದ ಬಡಿತ ನಿಧಾನವಾಗುತ್ತದೆ. ಅಡಿಕೆಯಿಂದ ಅಡಿಕೆಗೆ ಸತ್ವವೂ ಒಂದೇ ಇರುವುದಿಲ್ಲ. ಅಜ್ಜನ ನಾಯಿ ಇಪ್ಪತ್ತು ಕಿಲೋ ಇದ್ದಿರಬಹುದು. ನಿಮ್ಮದು ಎಷ್ಟು ಅಂತ ಬರೆದೇ ಇಲ್ಲ! ಈಗ ಲಾಡಿಹುಳಕ್ಕೆ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆ ಸಿಗುತ್ತದೆ, ತೂಕ ನೋಡಿ ಕೊಟ್ಟರೆ ಏನೂ ಹೆದರಿಕೆಯಿಲ್ಲ. ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ ಹುಳದ ಮದ್ದು ಸಾಕು. ಮರಿಗಾದರೆ ಮೂರು ತಿಂಗಳು ತುಂಬುವವರೆಗೆ ಎರಡು ವಾರಕ್ಕೊಮ್ಮೆ.

ಸತ್ವ ಬಿಡಿ, ಇಡೀ ಅಡಿಕೆ ನುಂಗಿದರೂ ಕಷ್ಟವೇ. ಪುಟ್ಟ ನಾಯಿಯ ಕರುಳು ನಿಮ್ಮ ಕಿರುಬೆರಳಿನ ದಪ್ಪ ಇದ್ದೀತು. ಅಡಿಕೆ, ಮಾವಿನ ಗೊರಟು, ಹಲಸಿನ ಬೀಜ ಯಾವುದೂ ಅಲ್ಲಿ ಸಿಕ್ಕಿಕೊಳ್ಳಬಹುದು. ಮತ್ತೆ ಮತ್ತೆ ವಾಂತಿ, ಊಟ ಬೇಡ, ಹಿಂದಿನಿಂದಲೂ ಏನೂ ಬರುತ್ತಿಲ್ಲ ಅಂದರೆ ಆಪರೇಶನ್ನಿಗೆ ತಯಾರಿರಿ. ಹಲಸಿನ ಸೊಳೆ ಒಂದು ತುಂಡು ಕೊಟ್ಟರೆ ಏನೂ ಆಗುವುದಿಲ್ಲ, ಬೀಜ ಎತ್ತಿಟ್ಟರಾಯಿತು.

ಇನ್ನು ಕೊಳೆರೋಗಕ್ಕೆ ಬಿಡುವ ಬೋರ್ಡೋ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕುತ್ತೀರಲ್ಲ. ಮೈಲುತುತ್ತು ಹೊಟ್ಟೆಯನ್ನು ಸುಡುತ್ತದೆ. ನಾಯಿ ಅದನ್ನು ಬೇಕೆಂದು ಕುಡಿಯುವುದಲ್ಲ. ಮರದಿಂದ ಮೈಮೇಲೆ ಹನಿ ಬೀಳುತ್ತದೆ, ಕಾಲಿಗೆ ಹತ್ತುತ್ತದೆ, ಮನೆಗೆ ಬಂದು ನೆಕ್ಕುತ್ತದೆ. ನೆಲಕ್ಕೆ ಹತ್ತಿರ ಇರುವ, ರೋಮ ಜಾಸ್ತಿ ಇರುವ ನಾಯಿ ಮೈತುಂಬ ಅದನ್ನೇ ಹೊತ್ತು ತರುತ್ತದೆ. ಮದ್ದು ಬಿಡುವ ದಿನ ಮನೆಯೊಳಗೇ ಇರಲಿ. ಎಲೆಯ ಮೇಲಿನ ಮದ್ದು ಒಣಗುವವರೆಗೆ ನಾಯಿಯನ್ನು ತೋಟಕ್ಕೆ ಬಿಡಬೇಡಿ. ಡ್ರಮ್ಮಿನಲ್ಲಿ ಉಳಿದದ್ದನ್ನು ಮುಚ್ಚಿಡಿ. ಮೈಲುತುತ್ತಿನ ಖಾಲಿ ಚೀಲ ಜಗಲಿಯಲ್ಲಿ ಬಿಡಬೇಡಿ, ಅದರ ಮೇಲೆ ಹೋಗಿ ಮಲಗುವ ನಾಯಿಗಳಿವೆ. ಮೈಗೆ ತಾಗಿದರೆ ಸಾಕಷ್ಟು ನೀರು ಹಾಕಿ ತೊಳೆಯಿರಿ. ನೀಲಿ ಹಸಿರು ವಾಂತಿ ಕಂಡರೆ ನೇರ ಮೃಗಾಸ್ಪತ್ರೆಗೆ ಹೋಗಿ.

ಇದಕ್ಕಿಂತ ದೊಡ್ಡ ಹೆದರಿಕೆ ನನಗೆ ಇಲಿಪಾಷಾಣದ್ದು. ಎಳನೀರು ಕೊರೆಯುವ ಇಲಿಗೆ ಇಡುವ ಬ್ರೊಮಾಡಿಯೊಲೋನ್ ಬಿಲ್ಲೆ ನಾಯಿ ತಿಂದರೆ ಆ ದಿನ ಏನೂ ಕಾಣುವುದಿಲ್ಲ. ಮೂರು ನಾಲ್ಕು ದಿನ ಕಳೆದ ಮೇಲೆ ಮೂಗಿನಲ್ಲಿ, ಒಸಡಿನಲ್ಲಿ, ಹೊಟ್ಟೆಯೊಳಗೆ ರಕ್ತ ಸುರಿಯಲು ತೊಡಗುತ್ತದೆ. ತಿಂದದ್ದು ಗೊತ್ತಾದ ಕೂಡಲೇ ಓಡಿ, ಪೊಟ್ಟಣ ಕೈಯಲ್ಲಿರಲಿ. ವಿಟಮಿನ್ ಕೆ1 ಕೊಟ್ಟರೆ ಉಳಿಯುತ್ತದೆ. ಆದರೆ ಆ ಮಾತ್ರೆಯನ್ನು ವಾರಗಟ್ಟಲೆ ಕೊಡಬೇಕು, ನಾಯಿ ಹುಷಾರಾಯಿತು ಅಂತ ನಡುವೆ ನಿಲ್ಲಿಸಬಾರದು.

*

ಪ್ರಶ್ನೆ: ಮಳೆಗಾಲ ಬಂದರೆ ನಾಯಿಯ ಕಿವಿ ವಾಸನೆ, ಮೈ ವಾಸನೆ, ಜೊತೆಗೆ ಉಣುಗು. ರೋಮ ಪೂರ್ತಿ ಬೋಳಿಸಿಬಿಡಲಾ?
– ಮಂಜೇಶ್ವರ

ಉತ್ತರ: ಬೇಡ ಮಾರಾಯ್ರೇ. ಸ್ಪಿಟ್ಸ್ ಥರದ ಎರಡು ಪದರದ ರೋಮ ಬೋಳಿಸಿದರೆ ಕೆಲವು ನಾಯಿಗಳಿಗೆ ಅದು ಸರಿಯಾಗಿ ವಾಪಸು ಬರುವುದೇ ಇಲ್ಲ. ಹೊಟ್ಟೆಯ ಕೆಳಗೆ, ಪಾದದ ನಡುವೆ, ಹಿಂಬದಿಯಲ್ಲಿ ಮಾತ್ರ ಕತ್ತರಿಸಿ. ಮಳೆಯಲ್ಲಿ ನೆನೆದು ಬಂದರೆ ಬರೀ ಮೇಲೆ ಒರಸಿದರೆ ಸಾಲದು, ಒಳಪದರ ಒಣಗುವವರೆಗೆ ಫ್ಯಾನಿನ ಕೆಳಗೆ ಕೂರಿಸಿ ಬಾಚಿ. ವಾರಕ್ಕೆರಡು ಸಲ ಮನುಷ್ಯರ ಸಾಬೂನು ಹಾಕಿ ತಿಕ್ಕುವುದೂ ಬೇಡ.

ಜೋಲು ಕಿವಿಯೊಳಗೆ ಗಾಳಿ ಆಡುವುದಿಲ್ಲ, ಮಳೆಗಾಲದಲ್ಲಿ ಅಲ್ಲಿ ಬೂಸಲು ಬೆಳೆಯುತ್ತದೆ. ಕಪ್ಪು ಕಂದು ಗುಗ್ಗೆ, ಕೆಟ್ಟ ವಾಸನೆ, ತಲೆ ಕೊಡವುವುದು ಅದರ ಲಕ್ಷಣ. ತೆಂಗಿನೆಣ್ಣೆ ಹೊಯ್ಯಬೇಡಿ. ತಮಟೆ ಸರಿ ಇದೆಯಾ ಅಂತ ನೋಡಿದ ಮೇಲಷ್ಟೇ ಕಿವಿಗೆ ಮದ್ದು.

ಉಣುಗು ನಾಯಿಯ ಮೈಯಲ್ಲಿ ಇರುವುದಕ್ಕಿಂತ ಜಾಸ್ತಿ ಗೋಡೆಯ ಬಿರುಕಿನಲ್ಲಿ ಇರುತ್ತದೆ. ಒಂದು ಹೆಣ್ಣು ಉಣುಗು ಸಾವಿರಾರು ಮೊಟ್ಟೆ ಇಡುವುದು ಅಲ್ಲಿಯೇ. ನಾಯಿ ಮಲಗುವ ಜಾಗದ ಬಿರುಕನ್ನು ಸಿಮೆಂಟು ಹಾಕಿ ಮುಚ್ಚಿ. ಮೈಗೆ ಸೀಮೆಎಣ್ಣೆ ಹಚ್ಚುವುದು, ಹಟ್ಟಿಯಲ್ಲಿ ದನಕ್ಕೆ ಬಿಡುವ ಮದ್ದನ್ನೇ ನಾಯಿಗೂ ಸುರಿಯುವುದು ಎರಡೂ ಅಪಾಯ. ಆ ಮದ್ದಿನ ಅಳತೆ ಇನ್ನೂರು ಮುನ್ನೂರು ಕಿಲೋ ಪ್ರಾಣಿಗೆ ಮಾಡಿದ್ದು. ಊಟ ಬಿಟ್ಟು ಮಂಕಾಗಿ, ಒಸಡು ಬಿಳಿಚಿಕೊಂಡರೆ ಉಣುಗು ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಲಸಿಕೆ ಹಾಕಿಸುವಾಗ ಇಲಿಜ್ವರದ್ದೂ ಸೇರಿದೆಯಾ ಅಂತ ಕೇಳಿ, ನಮ್ಮ ಮಳೆಗೆ ಅದು ಬೇಕೇ ಬೇಕು.

*

ಪ್ರಶ್ನೆ: ಮೈ ಬಿಸಿ ಇತ್ತು. ಅರ್ಧ ಪ್ಯಾರಸಿಟಮಾಲ್ ಕೊಡಬಹುದಾ?
– ಉಪ್ಪಳ

ಉತ್ತರ: ಕೊಡಬೇಡಿ. ನಾಯಿಯ ಮೈ ಯಾವಾಗಲೂ ನಿಮ್ಮ ಕೈಗೆ ಬಿಸಿಯೇ. ಅದರ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 650ರ ಒಂದು ಮಾತ್ರೆ 65 ಕಿಲೋದ ನಿಮಗೆ ಕಿಲೋಗೆ 10 ಮಿಲಿಗ್ರಾಂ. ನಾಲ್ಕು ಕಿಲೋ ನಾಯಿಗೆ ಅದರ ಅರ್ಧವೂ ಕಿಲೋಗೆ 80 ದಾಟುತ್ತದೆ, ಇಡೀ ಮಾತ್ರೆ ಯಕೃತ್ತನ್ನೇ ಹಾಳು ಮಾಡುತ್ತದೆ. ಐಬುಪ್ರೊಫೆನ್ ಇನ್ನೂ ಕೆಟ್ಟದ್ದು.

*

ಪ್ರಶ್ನೆ: ಓಡುತ್ತಾ ಓಡುತ್ತಾ ಒಂದು ಹಿಂಗಾಲು ಎತ್ತಿ ಕುಂಟುತ್ತದೆ, ನಾಲ್ಕು ಹೆಜ್ಜೆ ಹೋಗಿ ಸರಿಯಾಗುತ್ತದೆ. ನೋವೇ ಇಲ್ಲ.
– ಬಾಯಾರು

ಉತ್ತರ: ಮೊಣಕಾಲಿನ ಚಿಪ್ಪು ಜಾರಿ ವಾಪಸು ಕೂರುತ್ತಿದೆ. ಪುಟ್ಟ ನಾಯಿಗಳಲ್ಲಿ ತುಂಬ ಸಾಮಾನ್ಯ. ಅಪರೂಪಕ್ಕೆ ಹೀಗಾದರೆ ತೂಕ ಹಿಡಿತದಲ್ಲಿಡಿ, ನುಣುಪು ಟೈಲ್ಸಿನ ಮೇಲೆ ಚಾಪೆ ಹಾಸಿ, ಪಾದದ ಕೆಳಗಿನ ರೋಮ ಕತ್ತರಿಸಿ. ಕಾಲು ಕೆಳಗಿಡುವುದೇ ಕಡಿಮೆಯಾದರೆ ಶಸ್ತ್ರಚಿಕಿತ್ಸೆ ಬೇಕಾದೀತು.

*

ಪ್ರಶ್ನೆ: ಅಕ್ಕನ ಮಗನಿಗೆ, ಆರು ವರ್ಷ, ನಮ್ಮ ನಾಯಿ ಕಚ್ಚಿತು. ಸ್ವಲ್ಪ ರಕ್ತ ಬಂತು. ಸಣ್ಣ ನಾಯಿ, ಮನೆಯೊಳಗೇ ಇರುವುದು. ಭಾವ ಇಂಜೆಕ್ಷನ್ ಬೇಕಾಗಿಲ್ಲ ಅನ್ನುತ್ತಾರೆ. ಹೌದಾ?
– ಹೊಸಂಗಡಿ

ಉತ್ತರ: ಈ ಪತ್ರಿಕೆ ನಿಮ್ಮ ಕೈಗೆ ಬರುವವರೆಗೆ ಕಾಯುವ ವಿಷಯ ಅಲ್ಲ ಇದು. ನಿಮಗೆ ಆಗಲೇ ಫೋನು ಮಾಡಿ ಹೇಳಿದ್ದೇನೆ. ಉಳಿದವರಿಗಾಗಿ ಬರೆಯುತ್ತೇನೆ.

ಬೇಕು. ರೇಬೀಸಿಗೆ ಮಾತ್ರ ನಾಯಿಯ ತೂಕ ಲೆಕ್ಕಕ್ಕಿಲ್ಲ. ಮೊದಲು ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ಗಾಯ ತೊಳೆಯಬೇಕು. ಗಡಿಯಾರ ನೋಡಿಯೇ ತೊಳೆಯಿರಿ. ಅರಸಿನ, ಸುಣ್ಣ, ಕಾಫಿ ಹುಡಿ ಏನೂ ಹಾಕಬೇಡಿ. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಆ ದಿನ, ಆಮೇಲೆ 3, 7 ಮತ್ತು 28ನೆಯ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ, ಕೂಡಲೇ ರಕ್ಷಣೆ ಕೊಡುವ ಇಮ್ಯುನೊಗ್ಲೋಬ್ಯುಲಿನ್ ಎಂಬ ಚುಚ್ಚುಮದ್ದು ಕೂಡ ಕೊಡುತ್ತಾರೆ. ನಾಯಿಯನ್ನು 10 ದಿನ ಕಣ್ಣಳತೆಯಲ್ಲಿ ಇಡಿ. ನಾಯಿಗೆ ಲಸಿಕೆ ಆಗಿದೆ ಅಂತ ಮಗುವಿನ ಲಸಿಕೆ ಬಿಡುವುದು ಬೇಡ, ಅದನ್ನು ಆಸ್ಪತ್ರೆಯವರು ತೀರ್ಮಾನಿಸಲಿ.

ಯಾಕೆ ಕಚ್ಚಿತು ಅಂತಲೂ ನೋಡಬೇಕಲ್ಲ. ಪುಟ್ಟ ನಾಯಿಯನ್ನು ಮಕ್ಕಳು ಸೊಂಟ ಹಿಡಿದು ಎತ್ತುತ್ತಾರೆ, ಅದು ಮುಖ ತಿರುಗಿಸುತ್ತದೆ, ತುಟಿ ನೆಕ್ಕುತ್ತದೆ, ಆಮೇಲೆ ಗುರ್ ಅನ್ನುತ್ತದೆ. ದೊಡ್ಡ ನಾಯಿ ಗುರ್ ಅಂದರೆ ಎಲ್ಲರೂ ಹಿಂದೆ ಸರಿಯುತ್ತಾರೆ. ಸಣ್ಣದು ಅಂದರೆ ನಗುತ್ತಾರೆ, ಇನ್ನಷ್ಟು ಕೆಣಕುತ್ತಾರೆ. ಗುರ್ ಅಂದದ್ದಕ್ಕೆ ಹೊಡೆದು ಅಭ್ಯಾಸ ಮಾಡಿಸಿದರೆ ಮುಂದೆ ಗುರ್ ಅನ್ನದೆಯೇ ಕಚ್ಚುತ್ತದೆ. ಮಗುವಿಗೆ ಹೇಳಿಕೊಡಿ: ಕೂತುಕೋ, ನಾಯಿ ತಾನಾಗಿ ಬರಲಿ, ಎತ್ತಬೇಡ.

ನಾಯಿಗೆ ಮೂರು ತಿಂಗಳಾದ ಮೇಲೆ ರೇಬೀಸ್ ಲಸಿಕೆ, ಆಮೇಲೆ ವರ್ಷ ವರ್ಷ. ಪಂಚಾಯತಿನ ಲೈಸೆನ್ಸು ಇದೆಯಾ? 1998ರಿಂದಲೇ ಕೇರಳದಲ್ಲಿ ಇದರ ನಿಯಮ ಇದೆ, ಮನೆಯೊಳಗಿನ ಸಣ್ಣ ನಾಯಿಗೂ ಸೇರಿ. ಅದಕ್ಕೆ ಲಸಿಕೆಯ ದಾಖಲೆ ಬೇಕು. ಹೋಗುವಾಗ ಕಾರ್ಡು ತೆಗೆದುಕೊಂಡು ಹೋಗಿ. ಚೆನ್ನಾಗಿರಲಿ ಅಂತ ಅದನ್ನು ಲ್ಯಾಮಿನೇಟ್ ಮಾಡಿಸಬೇಡಿ, ಮುಂದಿನ ವರ್ಷದ ತಾರೀಕು ಬರೆಯಲು ನಮಗೆ ಜಾಗ ಬೇಕು.